ಬೈರಿಗೆಯ ಮೊನೆ

ಹಳೆಯ ಮನೆಯ ತಲೆಬಾಗಿಲಿನ ಮುಂದೆ ನಿಂತವರು ಸಾಮಾನ್ಯವಾಗಿ ದಾರಂದದ ಮೇಲಿನ ಕೆತ್ತನೆಯನ್ನು ನೋಡುತ್ತಾರೆ. ಗಜಲಕ್ಷ್ಮಿಯನ್ನೂ ಪದ್ಮವನ್ನೂ ಬಳ್ಳಿಯ ಸುರುಳಿಯನ್ನೂ ಮೆಚ್ಚಿ ಒಳಗೆ ಹೋಗುತ್ತಾರೆ. ಆ ಚೌಕಟ್ಟಿನ ಮೂಲೆಗಳಲ್ಲಿ, ಅಡ್ಡಪಟ್ಟಿಯ ನಾಲಗೆಯು ನಿಲುವುಪಟ್ಟಿಯ ಕುಳಿಯೊಳಗೆ ಸೇರಿಕೊಂಡಿರುವ ಎಡೆಯಲ್ಲಿ, ಕಿರುಬೆರಳ ತುದಿಯಷ್ಟು ಅಗಲವಾದ ದುಂಡನೆಯ ಗುರುತೊಂದಿರುವುದನ್ನು ಗಮನಿಸುವವರು ವಿರಳ. ಅದು ಬಿದಿರಿನಿಂದಲೊ ಗಟ್ಟಿಮರದಿಂದಲೊ ಮಾಡಿ ಬಡಿದ ಬೆಣೆಯ ತಲೆ. ಆ ಬೆಣೆ ಇರುವುದರಿಂದಲೇ ಎಷ್ಟೋ ಮಳೆಗಾಲಗಳ ತೇವಕ್ಕೆ ಉಬ್ಬಿ ಅಷ್ಟೇ ಬೇಸಗೆಗಳ ಕಾವಿಗೆ ಕುಗ್ಗಿದರೂ ಆ ಕೂಡಿಕೆಯು ಬಾಯಿಬಿಡದೆ ನಿಂತಿದೆ. ಬೆಣೆಯು ಅಷ್ಟು ಬಿಗಿಯಾಗಿ ಕುಳಿತಿರಬೇಕಾದರೆ, ಅದಕ್ಕೂ ಮೊದಲು ಆ ಸ್ಥಳದಲ್ಲಿ ಕೊರೆದ ರಂಧ್ರವು ನೇರವಾಗಿ, ದುಂಡಾಗಿ, ಅಂಚು ಸಿಬಿರೇಳದೆ ಬಂದಿರಬೇಕು. ಬಡಗಿಯು ತಾನು ಕೊರೆದ ತೂತನ್ನು ತಾನೇ ಮುಚ್ಚಿಬಿಡುತ್ತಾನೆ; ಆದುದರಿಂದ ಅದರ ಗುಣಾಗುಣಗಳನ್ನು ಬಲ್ಲವನು ಅವನೊಬ್ಬನೆ.

ಆ ತೂತನ್ನು ಕೊರೆಯುವ ಸಾಧನಕ್ಕೆ ನಮ್ಮ ನುಡಿಯಲ್ಲಿ ಬೈರಿಗೆಯೆಂದು ಹೆಸರು. ಉತ್ತರದ ಜಿಲ್ಲೆಗಳಲ್ಲಿ ಕೈಯಿಂದ ತಿರುಪುವ ಸಣ್ಣ ಜಾತಿಯದಕ್ಕೆ ಗಿರಮಿಟ್ಟು ಎನ್ನುವುದುಂಟು. ಇಂಗ್ಲಿಷಿನ ‘ಗಿಮ್ಲೆಟ್’ ಎಂಬ ಶಬ್ದವು ಮರಾಠಿಯ ನಾಲಗೆಯ ಮೇಲೆ ಹೊರಳಿ ಈ ರೂಪವನ್ನು ತಾಳಿತು. ಅಮರಕೋಶದಲ್ಲಿ ವೇಧನಿಕಾ, ಆಸ್ಫೋಟನೀ ಎಂಬ ಎರಡು ಹೆಸರುಗಳಿವೆ. ಹೆಸರು ಯಾವುದಾದರೂ ಆಗಲಿ, ಆ ಉಪಕರಣದಲ್ಲಿ ಎರಡು ಅಂಗಗಳಿರುವುದನ್ನು ಮರೆಯಬಾರದು: ತಿರುಗಿಸುವ ಅಂಗವೊಂದು, ಮರವನ್ನು ಮುಟ್ಟುವ ಮೊನೆಯೊಂದು. ಬೈರಿಗೆಯ ಚರಿತ್ರೆಯನ್ನು ಹೇಳಹೊರಟವರು ಬಹುಮಟ್ಟಿಗೆ ಮೊದಲನೆಯದರ ಚರಿತ್ರೆಯನ್ನೇ ಹೇಳುತ್ತಾರೆ. ಅಂಗೈಯಿಂದ ಬಿಲ್ಲಿಗೆ, ಬಿಲ್ಲಿನಿಂದ ಬಾಗುಹಿಡಿಗೆ, ಬಾಗುಹಿಡಿಯಿಂದ ವಿದ್ಯುತ್ತಿಗೆ ಎಂದು ಆ ಕಥೆ ಸಲೀಸಾಗಿ ಸಾಗುತ್ತದೆ. ನನಗಾದರೋ ಈ ಉಪಕರಣದ ಬುದ್ಧಿಯೆಲ್ಲ ಮೊನೆಯಲ್ಲಿಯೇ ಸಂಚಿತವಾಗಿರುವಂತೆ ತೋರುತ್ತದೆ. ಒಳ್ಳೆಯ ಮೊನೆ ಯಾವುದೆಂಬ ಪ್ರಶ್ನೆಗೆ ಶತಮಾನಗಳ ಬಡಗಿಗಳೂ ಕಮ್ಮಾರರೂ ಕೊಟ್ಟ ಉತ್ತರಗಳೇ ಅದರ ನಿಜವಾದ ಇತಿಹಾಸ.

ಮರವು ಮಣ್ಣಿನಲ್ಲಿ ಕೊಳೆತುಹೋಗುವ ವಸ್ತುವಾದುದರಿಂದ ಅತಿ ಪ್ರಾಚೀನವಾದ ಬೈರಿಗೆಗಳ ಸಾಕ್ಷ್ಯವನ್ನು ನಾವು ಕಲ್ಲಿನಲ್ಲಿಯೂ ಎಲುಬಿನಲ್ಲಿಯೂ ಹುಡುಕಬೇಕಾಗಿದೆ. ಬಲೂಚಿಸ್ಥಾನದ ಮೆಹರ್‌ಗಢದ ಸಮಾಧಿಗಳಲ್ಲಿ, 7,500ರಿಂದ 9,000 ವರ್ಷಗಳಷ್ಟು ಹಿಂದೆ ಬದುಕಿದ್ದ 9 ಮಂದಿಯ ದವಡೆಗಳಲ್ಲಿ, ಚಕಮಕಿ ಕಲ್ಲಿನ ಮೊನೆಯಿಂದ ಕೊರೆದ 11 ಹಲ್ಲುಗಳು ಸಿಕ್ಕಿವೆ. ಮಣಿಗಳಿಗೆ ರಂಧ್ರ ಕೊರೆದು ಪಳಗಿದ ಕೈಯೇ ಅಲ್ಲಿ ಹಲ್ಲಿನ ನೋವಿಗೂ ನೆರವಾಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಮುಂದೆ ಸಿಂಧೂ ಕಣಿವೆಯ ಚನ್ಹುದಾರೋವಿನಲ್ಲಿ ಉದ್ದುದ್ದನೆಯ ಕೆಂಪು ಮಣಿಗಳೊಡನೆ, ಅವನ್ನು ಕೊರೆಯಲೆಂದೇ ವಿಶೇಷವಾದ ಒಂದು ಜಾತಿಯ ಕಲ್ಲಿನಿಂದ ಮಾಡಿದ ಮೊನೆಗಳೂ ದೊರೆತವು. ಆ ಕಲ್ಲಿಗೆ ಅಲ್ಲಿ ಉತ್ಖನನ ನಡೆಸಿದ ಅರ್ನೆಸ್ಟ್ ಮೆಕೇಯ ಸ್ಮರಣಾರ್ಥವಾಗಿ ಅರ್ನೆಸ್ಟೈಟ್ ಎಂದು ಹೆಸರಿಟ್ಟಿದ್ದಾರೆ. ಕೊರೆಯಬೇಕಾದ ವಸ್ತುವನ್ನು ನೋಡಿ ಮೊನೆಯನ್ನು ಆರಿಸಬೇಕೆಂಬ ವಿವೇಕವು, ಕಬ್ಬಿಣವು ಮನುಷ್ಯನ ಕೈಗೆ ಬರುವುದಕ್ಕೆ ಎಷ್ಟೋ ಮುಂಚೆಯೇ ಈ ನೆಲದಲ್ಲಿ ಮೂಡಿತ್ತೆಂಬುದಕ್ಕೆ ಆ ಕಲ್ಲಿನ ಚೂರುಗಳು ಸಾಕು.

ತಿರುಗಿಸುವ ಕ್ರಮವಾದರೂ ನಮಗೆ ಅಪರಿಚಿತವಲ್ಲ. ಯಜ್ಞಶಾಲೆಯಲ್ಲಿ ಅರಣಿಯಿಂದ ಅಗ್ನಿಯನ್ನು ಮಥಿಸುವಾಗ ಕೋಲಿಗೆ ಹಗ್ಗವನ್ನು ಸುತ್ತಿ ಎರಡು ಕಡೆಯಿಂದಲೂ ಎಳೆಯುತ್ತಾರೆ; ಮನೆಯಲ್ಲಿ ಮಜ್ಜಿಗೆ ಕಡೆಯುವ ಕಡೆಗೋಲಿನ ಚಲನೆಯೂ ಇದೇ. ಗ್ರೀಕ್ ಕವಿ ಹೋಮರನು ಒಡಿಸ್ಸಿಯಲ್ಲಿ ಹಡಗಿನ ತೊಲೆಯನ್ನು ಕೊರೆಯುವ ಬಡಗಿಗಳನ್ನು ಉಪಮಾನವಾಗಿ ತಂದಿದ್ದಾನೆ: ಒಬ್ಬನು ಮೇಲಿನಿಂದ ಒತ್ತಿಹಿಡಿದಿರುವಾಗ ಉಳಿದವರು ಕೆಳಗೆ ಎರಡು ಪಕ್ಕದಲ್ಲಿಯೂ ನಿಂತು ತೊಗಲಿನ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ಈಜಿಪ್ಟಿನ ಥೀಬ್ಸ್‌ನಲ್ಲಿರುವ ರೆಖ್ಮಿರೆಯ ಸಮಾಧಿಯ ಭಿತ್ತಿಚಿತ್ರದಲ್ಲಿ, ಸುಮಾರು 3,400 ವರ್ಷಗಳ ಕೆಳಗಿನ ಬಡಗಿಯು ಬಿಲ್ಲುಬೈರಿಗೆಯಿಂದ ಪೀಠವೊಂದನ್ನು ಕೊರೆಯುತ್ತಿದ್ದಾನೆ. ಆ ದೇಶದವರು ತಿರುಗುವ ಕೋಲಿನ ಮೇಲೆ ಅಂಗೈ ಸವೆಯದಂತೆ ಡೂಮ್ ಎಂಬ ತಾಳೆಯ ಕಾಯಿಯ ಚಿಪ್ಪನ್ನು ಇಟ್ಟುಕೊಳ್ಳುತ್ತಿದ್ದರು.

ನಮ್ಮ ಬಡಗಿಯ ಬಿಲ್ಲುಬೈರಿಗೆ ಇದರ ಹತ್ತಿರದ ಬಂಧು. ನೆಲದ ಮೇಲೆ ಕುಳಿತು, ಹಲಗೆಯನ್ನು ಪಾದಗಳಿಂದ ಅದುಮಿ, ಎಡಗೈಯಲ್ಲಿ ಸಡಿಲವಾದ ಹಿಡಿಯನ್ನು ಒತ್ತಿ, ಬಲಗೈಯಲ್ಲಿ ಬಿಲ್ಲನ್ನು ಆಡಿಸುವ ಆ ಭಂಗಿಯನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಇದರ ಕೋಲು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುವುದರಿಂದ, ಒಂದೇ ದಿಕ್ಕಿಗೆ ಕತ್ತರಿಸುವ ಅಲಗು ಇಲ್ಲಿ ಅರ್ಧ ಶ್ರಮವನ್ನು ವ್ಯರ್ಥಮಾಡುತ್ತದೆ. ಆದುದರಿಂದ ಕಮ್ಮಾರನು ಈಟಿಯ ತಲೆಯಂತೆ ಚಪ್ಪಟೆಯಾಗಿ ಬಡಿದು, ಎರಡು ಪಕ್ಕಕ್ಕೂ ಇಳಿಜಾರು ಕೊಟ್ಟು, ಹೋಗುವಾಗಲೂ ಬರುವಾಗಲೂ ಕೆರೆಯುವ ಮೊನೆಯನ್ನು ಮಾಡಿಕೊಟ್ಟನು. ಕೆರೆಯುವುದೆಂದರೆ ಕತ್ತರಿಸುವುದಲ್ಲವಷ್ಟೆ, ಹೊರಬರುವುದು ಸುರುಳಿಯಲ್ಲ, ಹಿಟ್ಟು. ಆ ಹಿಟ್ಟನ್ನು ಹೊರಸಾಗಿಸುವ ಮಾರ್ಗ ಮೊನೆಯಲ್ಲಿಲ್ಲವಾದುದರಿಂದ ಬಡಗಿಯು ಆಗಾಗ ಬೈರಿಗೆಯನ್ನು ಮೇಲೆತ್ತಿ ಊದಬೇಕು. ಹೆಬ್ಬೆರಳಷ್ಟು ದಪ್ಪದ ರಂಧ್ರವು ಇದರಿಂದ ದುಸ್ಸಾಧ್ಯ.

ಇಷ್ಟನ್ನು ನೋಡಿ ಪಾಶ್ಚಾತ್ಯ ಲೇಖಕರಲ್ಲಿ ಕೆಲವರು ಈ ಮೊನೆಯನ್ನು ಬಾಲ್ಯಾವಸ್ಥೆಯ ಉಪಕರಣವೆಂದು ಬದಿಗಿಟ್ಟಿರುವುದು ನನಗೆ ಸಮ್ಮತವಲ್ಲ. ಅದರ ಯೋಗ್ಯತೆಯನ್ನು ಅಳೆಯಬೇಕಾದವರು ನಮ್ಮ ಪಡುವಣ ಕಡಲ ಕರೆಯ ಹಡಗುಗಳ ಕಡೆ ತಿರುಗಬೇಕು. ಅರಬ್ಬೀ ಸಮುದ್ರದ ನಾವಿಕರು ಬಹು ಶತಮಾನಗಳ ಕಾಲ ಹಡಗಿನ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜೋಡಿಸದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹೊರ್ಮುಜ್‌ನಲ್ಲಿ ಅಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊವಿಗೆ ಅವುಗಳ ಮೇಲೆ ನಂಬಿಕೆ ಹುಟ್ಟಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರದಲ್ಲಿಯೂ ತಂಗಿದ್ದ ಇಬ್ನ್ ಬತೂತನು ಅವುಗಳ ಮರ್ಮವನ್ನು ಸರಿಯಾಗಿ ಗ್ರಹಿಸಿದ್ದನು: ಮೊಳೆ ಹೊಡೆದ ಹಡಗು ಬಂಡೆಗೆ ತಾಕಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ.

ಈಗ ಆ ಹೊಲಿಗೆಗೆ ಬೇಕಾಗುವ ರಂಧ್ರಗಳನ್ನು ಯೋಚಿಸಬೇಕು. ಅವು ಹಲಗೆಯ ಅಂಚಿಗೆ ಅತಿ ಸಮೀಪದಲ್ಲಿ, ಒಂದರ ಪಕ್ಕದಲ್ಲೊಂದು ಸಾಲಾಗಿ, ನೆರೆಯ ಹಲಗೆಯ ರಂಧ್ರಕ್ಕೆ ಸರಿ ಎದುರಾಗಿ ಬರತಕ್ಕವು. ಹುರಿಗಿಂತ ದೊಡ್ಡದಾದರೆ ನೀರು ಒಸರುತ್ತದೆ. ಚಿಕ್ಕದಾದರೆ ಹುರಿ ತೂರುವುದಿಲ್ಲ. ಅಂಚಿನಲ್ಲಿ ಒಂದೇ ಒಂದು ಸೀಳು ಬಿಟ್ಟರೂ ಇಡೀ ಹಲಗೆಯೇ ನಿರುಪಯೋಗಿ. ಬೆಣೆಯಂತೆ ನುಗ್ಗಿ ಮರವನ್ನು ಅಗಲಿಸುವ ಯಾವ ಮೊನೆಯೂ ಇಂಥಲ್ಲಿ ಶತ್ರುವೇ ಸರಿ. ಮೆಲ್ಲಮೆಲ್ಲನೆ ಕೆರೆದು, ನಾರನ್ನು ನೂಕದೆ, ತನ್ನ ಅಗಲದಷ್ಟು ಮರವನ್ನು ಮಾತ್ರ ಹಿಟ್ಟುಮಾಡಿ ತೆಗೆಯುವ ಆ ಚಪ್ಪಟೆ ಮೊನೆ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅಜಂತೆಯ ಚಿತ್ರವೊಂದರ ಹಡಗನ್ನು ಮಾದರಿಯಾಗಿರಿಸಿಕೊಂಡು ನಮ್ಮ ಕಾಲದಲ್ಲಿ ಕಟ್ಟಿದ ‘ಕೌಂಡಿನ್ಯ’ವೆಂಬ ಹೊಲಿದ ನೌಕೆಯನ್ನು 2025ರ ಮೇ 21ರಂದು ಕಾರವಾರದ ನೆಲೆಯಲ್ಲಿ ನೌಕಾಪಡೆಗೆ ಸೇರಿಸಿದರು. ಅದರ ಪಕ್ಕೆಗಳ ಉದ್ದಕ್ಕೂ ಸಾಗಿರುವ ಹುರಿಯ ಸಾಲನ್ನು ನೋಡಿದವರಿಗೆ, ಪ್ರತಿಯೊಂದು ಹೊಲಿಗೆಯ ಹಿಂದೆಯೂ ತಪ್ಪದೆ ಕೊರೆದ ತೂತುಗಳಿವೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಯೂರೋಪಿನ ಉತ್ತರ ಭಾಗದಲ್ಲಿ ಕೆಲಸದ ಸ್ವರೂಪವೇ ಬೇರೆಯಾಗಿತ್ತು. ಓಕ್ ಮರದ ದಪ್ಪ ತೊಲೆಗಳನ್ನು ದಪ್ಪ ಗೂಟಗಳಿಂದ ಬಂಧಿಸಬೇಕಾದ ಅಲ್ಲಿಯ ಬಡಗಿಗೆ ದೊಡ್ಡ ರಂಧ್ರವೇ ಮುಖ್ಯ. ಅವನು ಚಮಚದ ಆಕಾರದ ಮೊನೆಯನ್ನು ಉದ್ದವಾದ ಕಂಬಿಗೆ ಕೂಡಿಸಿ, ಅಡ್ಡಹಿಡಿಯಿಂದ ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದನು. 1936ರಲ್ಲಿ ಸ್ವೀಡನ್ನಿನ ಗಾಟ್‌ಲಂಡ್ ದ್ವೀಪದ ಮೆಸ್ಟರ್‌ಮಿರ್ ಎಂಬಲ್ಲಿ ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಸಿಕ್ಕಿದ ಮರದ ಪೆಟ್ಟಿಗೆಯಲ್ಲಿ ವೈಕಿಂಗ್ ಕಾಲದ 200ಕ್ಕೂ ಮೀರಿದ ವಸ್ತುಗಳಿದ್ದವು. ಅವುಗಳ ನಡುವೆ ಇಂಥ ಚಮಚದ ಬೈರಿಗೆಗಳೂ ಇದ್ದವು. ಇದು ಕೆರೆಯದೆ ಕತ್ತರಿಸುತ್ತದೆ. ಇದರ ದೊಡ್ಡ ಗುಣ ಅದು. ಆದರೆ ನಡುವೆ ಕೇಂದ್ರವನ್ನು ಹಿಡಿಯುವ ಸೂಜಿಯಿಲ್ಲದ ಕಾರಣ, ಉಳಿಯಿಂದ ಮೊದಲು ಒಂದು ಗುಳಿಯನ್ನು ತೋಡಿಕೊಡದಿದ್ದರೆ ಅದು ಹಲಗೆಯ ಮೇಲೆ ಅಲೆದಾಡುತ್ತದೆ. ಮರದೊಳಕ್ಕೆ ಇಳಿಯಬೇಕಾದರೆ ಮನುಷ್ಯನು ತನ್ನ ಎದೆಯ ಭಾರವನ್ನೆಲ್ಲ ಅದರ ಮೇಲೆ ಹೇರಬೇಕು.

ಬಾಗುಹಿಡಿಯ ಬೈರಿಗೆ, ಎಂದರೆ ಬ್ರೇಸ್, ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಮೆರೋಡ್ ಚಿತ್ರಪಟದ ಬಲಭಾಗದಲ್ಲಿ ಬಡಗಿಯಾದ ಸಂತ ಜೋಸೆಫನು ತನ್ನ ಅಂಗಡಿಯಲ್ಲಿ ಕುಳಿತು ಹಲಗೆಯೊಂದಕ್ಕೆ ಸಾಲುಸಾಲಾಗಿ ರಂಧ್ರಗಳನ್ನು ಕೊರೆಯುತ್ತಿದ್ದಾನೆ. ಅದನ್ನು ಬರೆದುದು 1427-32ರ ಸುಮಾರಿನಲ್ಲಿ. ಆ ಚಿತ್ರಕಾರನು ಉಪಕರಣಗಳನ್ನು ಎಷ್ಟು ಪ್ರೀತಿಯಿಂದ ನೋಡಿದ್ದನೆಂಬುದಕ್ಕೆ ಅಲ್ಲಿ ಹರಡಿರುವ ಸುತ್ತಿಗೆ, ಇಕ್ಕಳ, ಮೊಳೆಗಳೇ ಸಾಕ್ಷಿ. ಬ್ರೇಸಿನಿಂದ ನಿರಂತರವಾದ ಏಕದಿಕ್ಕಿನ ಸುತ್ತುವಿಕೆ ಸಿದ್ಧಿಸಿತು. ಅದಕ್ಕೆ ತಕ್ಕ ಮೊನೆಗಾದರೋ ಮತ್ತೆ ಮುನ್ನೂರು ವರ್ಷ ಕಾಯಬೇಕಾಯಿತು.

ಆ ಮೊನೆಯ ಮೊದಲ ಸುಳಿವು 1770ರಲ್ಲಿ ಇಂಗ್ಲೆಂಡಿನ ಫಿನಿಯಾಸ್ ಕುಕ್ ಮಾಡಿದ ಸುರುಳಿಬೈರಿಗೆಯಲ್ಲಿದೆ. ಅನಂತರ 1809ರಲ್ಲಿ ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಎಜ್ರಾ ಲಾಮಡ್ಯೂ ಎರಡು ಸುರುಳಿಗಳ ಬೈರಿಗೆಗೆ ಪೇಟೆಂಟನ್ನು ಪಡೆದನು. ಅದೇ ಪ್ರಾಂತದ ರಸೆಲ್ ಜೆನಿಂಗ್ಸ್ 1855ರಲ್ಲಿ ಅದನ್ನು ಬಹುಮಟ್ಟಿಗೆ ಪೂರ್ಣತೆಗೆ ತಂದನು. ಈ ಮೊನೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರಲ್ಲಿ ನಾಲ್ಕು ಸಣ್ಣ ಕೆಲಸಗಾರರು ಒಬ್ಬರ ಹಿಂದೊಬ್ಬರು ನಿಂತಿರುವಂತೆ ಕಾಣುತ್ತದೆ. ಎಲ್ಲಕ್ಕೂ ಮುಂದೆ ಸಣ್ಣ ತಿರುಪು. ಅದು ಕೇಂದ್ರವನ್ನು ಕಚ್ಚಿಕೊಂಡು ಉಳಿದೆಲ್ಲವನ್ನೂ ತನ್ನ ಹಿಂದೆ ಮರದೊಳಕ್ಕೆ ಎಳೆಯುತ್ತದೆ, ಆದುದರಿಂದ ಎದೆಯ ಭಾರವನ್ನು ಹೇರಬೇಕಾದ ಕಷ್ಟವು ತಪ್ಪಿತು. ಅದರ ಹಿಂದೆ ಎರಡು ಪಕ್ಕದಲ್ಲಿ ಎರಡು ಸಣ್ಣ ಚಾಕುಗಳಂಥ ಮುಳ್ಳುಗಳು. ಅವು ರಂಧ್ರದ ಪರಿಧಿಯಲ್ಲಿ ಮರದ ನಾರನ್ನು ಮೊದಲೇ ದುಂಡಗೆ ಕೊಯ್ದಿಡುತ್ತವೆ. ಮೂರನೆಯದಾಗಿ ಉಳಿಯಂಥ ಎರಡು ತುಟಿಗಳು ಆ ಕೊಯ್ದ ವೃತ್ತದೊಳಗಿನ ಮರವನ್ನು ಸುರುಳಿಯಾಗಿ ಎಬ್ಬಿಸುತ್ತವೆ. ಕೊನೆಗೆ ಹಿಂದಿನ ತಿರುಚಿದ ಕಾಲುವೆಯು ಆ ಸುರುಳಿಯನ್ನು ಮೇಲಕ್ಕೆ ಸಾಗಿಸುತ್ತದೆ.

ಈ ಕ್ರಮದಲ್ಲಿ ನಾರನ್ನು ಮೊದಲು ಕೊಯ್ದು ಆಮೇಲೆ ಎತ್ತುವುದೆಂಬ ಒಂದು ಅಂಶವನ್ನು ನಾನು ಬೇರೆ ಎತ್ತಿ ಹೇಳಬಯಸುತ್ತೇನೆ. ಮರವು ಲೋಹದಂತೆ ಎಲ್ಲ ದಿಕ್ಕಿಗೂ ಒಂದೇ ಬಗೆಯದಲ್ಲ. ಅದು ಉದ್ದುದ್ದನೆಯ ನಾರುಗಳ ಕಟ್ಟು. ದುಂಡು ರಂಧ್ರವನ್ನು ಕೊರೆಯುವಾಗ ಅಲಗು ಪ್ರತಿಯೊಂದು ಸುತ್ತಿನಲ್ಲಿಯೂ ಎರಡು ಸಲ ನಾರಿನ ಉದ್ದಕ್ಕೂ ಎರಡು ಸಲ ನಾರಿಗೆ ಅಡ್ಡವಾಗಿಯೂ ಹಾಯ್ದುಹೋಗುತ್ತದೆ. ಅಡ್ಡಹಾಯುವ ಎರಡೆಡೆಗಳಲ್ಲಿ, ಮೊದಲೇ ಕೊಯ್ದಿಲ್ಲದ ನಾರು ರಂಧ್ರದ ಎಲ್ಲೆಯನ್ನು ಮೀರಿ ಹರಿದು ಬರುತ್ತದೆ. ತೂತಿನ ಬಾಯಿಯಲ್ಲಿ ನಾವು ಕಾಣುವ ಸಿಬಿರುಗಳೆಲ್ಲ ಈ ಒಂದು ಅಲಕ್ಷ್ಯದ ಫಲ. ತೇಗದ ಹಲಗೆಯಲ್ಲಿ ಇದು ಕಣ್ಣಿಗೆ ಕುರೂಪವಾಗಿ ಕಾಣುತ್ತದೆ. ಬೀಟೆಯ ಮೇಲೆ ದಂತದ ಕುಸುರಿಯನ್ನು ಕೂಡಿಸುತ್ತಿದ್ದ ಮೈಸೂರಿನಂಥ ಊರಿನ ಕೆಲಸದಲ್ಲಾದರೆ ಅದು ಅಕ್ಷಮ್ಯವಾಗಿತ್ತು.

ಜೆನಿಂಗ್ಸನ ಮೊನೆಯು ನಯವಾದ ಕೂಡಿಕೆಯ ಕೆಲಸಕ್ಕೆ ಪ್ರಸಿದ್ಧವಾದುದು. ಅದಕ್ಕಿಂತ ಒರಟಾದ ಕೆಲಸವನ್ನು ತಾಳಿಕೊಳ್ಳಲು, ನಡುವೆ ಗಟ್ಟಿಯಾದ ಕಂಬಿಯಿದ್ದು ಅದರ ಸುತ್ತ ಒಂದೇ ಸುರುಳಿ ಹಬ್ಬಿರುವ ಇನ್ನೊಂದು ಜಾತಿಯನ್ನು ಓಹಾಯೊ ಪ್ರಾಂತದ ಕಮ್ಮಾರನೊಬ್ಬನು ರೂಪಿಸಿದನು. ಆ ಹಕ್ಕನ್ನು ಕೊಂಡು 1885ರಲ್ಲಿ ಕಾರ್ಖಾನೆಯನ್ನು ತೆರೆದ ಚಾರ್ಲ್ಸ್ ಅರ್ವಿನ್ ಮೂಲತಃ ಔಷಧ ಮಾರುವವನು. ಈ ಬೈರಿಗೆಗಳ ಮೇಲೆ ಕೊರೆದಿರುವ ಅಂಕಿಯು ಅಂಗುಲದ ಹದಿನಾರರ ಭಾಗವನ್ನು ಸೂಚಿಸುತ್ತದೆ. 8 ಎಂದಿದ್ದರೆ ಅರ್ಧ ಅಂಗುಲ. ತಿರುಪಿನ ಎಳೆಗಳಲ್ಲಿಯೂ ಭೇದವಿದೆ: ಗಟ್ಟಿಮರಕ್ಕೆ ಸಣ್ಣ ಎಳೆ, ಮೆದುಮರಕ್ಕೆ ದೊಡ್ಡ ಎಳೆ.

ತಿರುಪೇ ದೋಷವಾಗುವ ಸಂದರ್ಭವೂ ಉಂಟು. ಬಂದೂಕಿನ ಮರದ ಹಿಡಿಯಲ್ಲಿ ಕಬ್ಬಿಣದ ಯಂತ್ರವು ಕೂರುವಂತೆ ತಳ ಸಮನಾದ ಗುಳಿಗಳನ್ನು, ಅದೂ ಒಂದರ ಮೇಲೊಂದು ಹಾಯುವಂತೆ, ತೋಡಬೇಕಾದಾಗ, ಮುಂದೆ ಚಾಚಿದ ತಿರುಪು ತಳವನ್ನು ತೂರಿ ಆಚೆಗೆ ಇಣುಕುತ್ತದೆ. ಆರೆಗನ್ ಪ್ರಾಂತದ ಸೇಲಂ ಎಂಬ ಊರಿನ ಬಂದೂಕು ಕೆಲಸಗಾರ ಬೆಂಜಮಿನ್ ಫಾರ್ಸ್ಟ್ನರ್ 1874ರಲ್ಲಿ ಪೇಟೆಂಟು ಪಡೆದ ಮೊನೆಯು ಈ ತೊಡಕನ್ನು ನಿವಾರಿಸಿತು. ಕೇಂದ್ರವನ್ನು ಹಿಡಿದು ನಡೆಯಬೇಕೆಂಬ ರೂಢಿಯನ್ನೇ ಅವನು ಬಿಟ್ಟನು. ಸುತ್ತಲೂ ಹರಿತವಾದ ಬಳೆಯೊಂದನ್ನಿಟ್ಟು, ಆ ಬಳೆಯೇ ರಂಧ್ರದ ಗೋಡೆಗೆ ಆತು ಮೊನೆಯನ್ನು ನಡೆಸುವಂತೆ ಮಾಡಿದನು. ಆದುದರಿಂದ ಅದು ಹಲಗೆಯ ಅಂಚಿನಾಚೆಗೆ ಅರ್ಧ ಚಾಚಿಕೊಂಡಿದ್ದರೂ, ಗಂಟಿನ ಮೇಲೆ ಬಂದರೂ ದಾರಿ ತಪ್ಪುವುದಿಲ್ಲ. ಒಬ್ಬ ಮನುಷ್ಯನು ತನ್ನ ದಿನದಿನದ ಕೆಲಸದ ಒಂದು ಕಿರುಕುಳವನ್ನು ಇಷ್ಟು ಮೂಲಕ್ಕೆ ಹೋಗಿ ಯೋಚಿಸಿದುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇದೇ ಕಾಲದಲ್ಲಿ ಮರಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಮೊನೆ ಹುಟ್ಟಿತು. ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟು ಪಡೆದ ತಿರುಚುಬಿಟ್ಟು ಲೋಹವನ್ನು ಕೊರೆಯುವುದಕ್ಕಾಗಿ ಮಾಡಿದುದು. ಈ ಜಾತಿಯ ಬಿಟ್ಟುಗಳ ತುದಿಯನ್ನು ಸಾಮಾನ್ಯವಾಗಿ 118 ಡಿಗ್ರಿ ಕೋನದ ಮೊಂಡು ಶಂಕುವಾಗಿ ಅರೆಯುತ್ತಾರೆ. ಲೋಹದಲ್ಲಿ ಅದರ ವರ್ತನೆ ನಿರ್ದುಷ್ಟ. ಮರದ ಮೇಲಾದರೋ ಆ ಶಂಕುವು ಮೆತ್ತನೆಯ ಪದರವನ್ನು ಹುಡುಕಿಕೊಂಡು ಜಾರುತ್ತದೆ. ಪರಿಧಿಯ ನಾರನ್ನು ಕೊಯ್ಯುವ ಮುಳ್ಳು ಅದಕ್ಕಿಲ್ಲವಾದುದರಿಂದ ಅಂಚು ಹರಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಯಾವ ವಿಚಾರಣೆಯನ್ನೂ ಮಾಡದೆ ಒಂದು ಬಿಟ್ಟು ಕೇಳಿದವನ ಕೈಗೆ ಇಂದು ಬಹುತೇಕ ಸಿಕ್ಕುವುದು ಇದೇ. ಇದರ ನಡುವೆ ಸೂಜಿಯನ್ನೂ ಅಂಚಿನಲ್ಲಿ ಎರಡು ಮುಳ್ಳುಗಳನ್ನೂ ಅರೆದು ಮಾಡಿದ ಬ್ರ್ಯಾಡ್‌ಪಾಯಿಂಟ್ ಎಂಬ ರೂಪವು, ಲೋಹದ ಬಿಟ್ಟಿಗೆ ಹಳೆಯ ಬಡಗಿಯ ಬುದ್ಧಿಯನ್ನು ಕಲಿಸಿದಂತಿದೆ. ಮರದಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುವವರು ಕೇಳಿ ಪಡೆಯಬೇಕಾದುದು ಅದನ್ನೇ.

ಉಕ್ಕಿನ ವಿಷಯದಲ್ಲಿ ಒಂದೆರಡು ಮಾತು. ಇಂಗ್ಲಿಷಿನವರು ‘ವೂಟ್ಸ್’ ಎಂದು ಕರೆದ ಮೂಸೆಯ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಶಬ್ದದಿಂದಲೇ ಹೋದುದೆಂದು ಬಹುಮಂದಿ ಪಂಡಿತರ ಮತ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಸಾದಾ ಇಂಗಾಲದ ಉಕ್ಕು ಹರಿತವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅತಿಯಾಗಿ ಬಿಸಿಯಾದರೆ ಹದ ಕೆಟ್ಟು ಮೆತ್ತಗಾಗುತ್ತದೆ. ಕೈಯಿಂದ ತಿರುಗಿಸುವಷ್ಟು ಕಾಲ ಈ ದೋಷ ಯಾರನ್ನೂ ಬಾಧಿಸಲಿಲ್ಲ. 1895ರಲ್ಲಿ ಸ್ಟುಟ್‌ಗಾರ್ಟಿನ ಫೈನ್ ಕಾರ್ಖಾನೆಯು ಕೈಯಲ್ಲಿ ಹಿಡಿಯುವ ವಿದ್ಯುತ್ ಬೈರಿಗೆಯನ್ನು ಮಾಡಿತು; 1917ರಲ್ಲಿ ಬಾಲ್ಟಿಮೋರಿನ ಬ್ಲ್ಯಾಕ್ ಅಂಡ್ ಡೆಕರ್ ಪಿಸ್ತೂಲಿನ ಹಿಡಿಯಂಥ ಹಿಡಿಯನ್ನೂ ಕುದುರೆಯಂಥ ಗುಂಡಿಯನ್ನೂ ಅದಕ್ಕೆ ಜೋಡಿಸಿ ಪೇಟೆಂಟು ಪಡೆಯಿತು. ವೇಗ ಹೆಚ್ಚಿತು, ಕಾವು ಹೆಚ್ಚಿತು. ಟೇಲರ್ ಮತ್ತು ವೈಟ್ ಎಂಬವರು ಸಿದ್ಧಪಡಿಸಿ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ್ದ, ಸುಮಾರು 600 ಡಿಗ್ರಿಯವರೆಗೂ ಹದ ಬಿಡದ ಹೈಸ್ಪೀಡ್ ಉಕ್ಕು ಆಗ ಉಪಯೋಗಕ್ಕೆ ಬಂದಿತು. ತೇಗದಲ್ಲಿ ಮರಳಿನ ಅಂಶವಿರುವುದರಿಂದ ಅದು ಎಂಥ ಅಲಗನ್ನೂ ಬೇಗ ಮೊಂಡುಮಾಡುತ್ತದೆ. ದಿನವಿಡೀ ತೇಗವನ್ನು ಕೊರೆಯುವವರು ಕಾರ್ಬೈಡ್ ತುದಿಯ ಬಿಟ್ಟಿಗೆ ಹೆಚ್ಚು ಹಣ ತೆರುವುದು ಅಪವ್ಯಯವಲ್ಲ.

ವಿದ್ಯುತ್ತಿನ ವೇಗದಲ್ಲಿ ಜೆನಿಂಗ್ಸನ ತಿರುಪು ಅಪಾಯಕರವಾಯಿತು. ಕೈ ತಡೆಯುವುದಕ್ಕೆ ಮೊದಲೇ ಅದು ಮರದೊಳಕ್ಕೆ ನುಗ್ಗಿಬಿಡುತ್ತದೆ. ಅದರ ಸ್ಥಾನಕ್ಕೆ ಬಂದ ಅಗ್ಗದ ಮೊನೆ ಯಾವುದೆಂದರೆ, ಸನಿಕೆಯಂತೆ ಚಪ್ಪಟೆಯಾದ, ನಡುವೆ ಚೂಪು ಮೂಗುಳ್ಳ ಸ್ಪೇಡ್ ಬಿಟ್ಟು. ಅದನ್ನು ಮೊದಲ ಸಲ ಕಂಡಾಗ ನನಗೆ ಬಿಲ್ಲುಬೈರಿಗೆಯ ಈಟಿಮೊನೆಯ ನೆನಪಾಯಿತು. ಕತ್ತರಿಸಲು ಕಲಿತ ಮೊನೆ, ಬಲವು ಯಥೇಚ್ಛವಾಗಿ ದೊರೆತೊಡನೆ ಪುನಃ ಕೆರೆಯುವುದಕ್ಕೆ ಮರಳಿತ್ತು. ಗೋಡೆಯೊಳಗೆ ತಂತಿಯನ್ನು ಹಾಯಿಸಲು ತೊಲೆಯನ್ನು ಕೊರೆಯುವವನಿಗೆ ಅದು ಸಾಕು. ಬಾಗಿಲು ಮಾಡುವವನಿಗೆ ಸಾಲದು.

ಮೊನೆಯು ಒಳ್ಳೆಯದೆಂದು ತಿಳಿಯುವುದಕ್ಕೆ ಹಳೆಯ ಆಚಾರ್ಯರು ಅಂಗಡಿಯವನ ಮಾತನ್ನು ಕೇಳುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಕದಗಳನ್ನು ಮಾಡಿಕೊಟ್ಟ ಆಚಾರ್ಯರು ಹೊಸ ಬೈರಿಗೆಯನ್ನು ಮೊದಲು ಹಲಸಿನ ತುಂಡೊಂದಕ್ಕೆ ತಿರುಪಿ, ಹೊರಬಂದುದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು: ಉದ್ದನೆಯ ಸುರುಳಿ ಬಂದರೆ ಅಲಗು ಹರಿತ, ಹಿಟ್ಟು ಬಂದರೆ ಮೊಂಡು, ಸುಟ್ಟ ವಾಸನೆ ಬಂದರೆ ಕಾಲುವೆ ಕಟ್ಟಿಕೊಂಡಿದೆ. ಅರ ಹಾಕುವಾಗ ಮುಳ್ಳುಗಳನ್ನು ಒಳಮೈಯಿಂದ ಮಾತ್ರ ಉಜ್ಜುತ್ತಿದ್ದರು. ಹೊರಮೈಯನ್ನು ಮುಟ್ಟಿದರೆ ಮುಳ್ಳು ಕೊಯ್ಯುವ ವೃತ್ತವು ಕುಗ್ಗಿ, ಹಿಂದೆ ಬರುವ ಸುರುಳಿ ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ತುಟಿಗಳನ್ನು ಮೇಲ್ಮೈಯಿಂದ ಉಜ್ಜುತ್ತಿದ್ದರು. ‘ಕೆಳಗೆ ಅರ ತಾಗಿಸಬೇಡ ಮಗಾ, ಆಮೇಲೆ ಅದು ಮರ ಕಚ್ಚೋದಿಲ್ಲ’ ಎಂದು ಒಮ್ಮೆ ನನ್ನ ಕೈಯಿಂದ ಅರವನ್ನು ಮೆಲ್ಲನೆ ತೆಗೆದುಕೊಂಡರು. ಕದದ ಹಲಗೆಯನ್ನು ಕೊರೆಯುವಾಗ ಅವರ ಎಡಗೈಯ ಬೆರಳು ಸದಾ ಹಲಗೆಯ ಹಿಂಬದಿಯಲ್ಲಿರುತ್ತಿತ್ತು. ತಿರುಪಿನ ತುದಿ ಸೂಜಿಯಷ್ಟು ಬೆರಳಿಗೆ ತಾಕಿದೊಡನೆ ನಿಲ್ಲಿಸಿ, ಬೈರಿಗೆಯನ್ನು ಹಿಂದಕ್ಕೆ ತಿರುಪಿ ತೆಗೆದು, ಹಲಗೆಯನ್ನು ಮಗುಚಿ, ಆ ಸೂಜಿಯ ಗುರುತಿನ ಮೇಲೆಯೇ ಮತ್ತೆ ಮೊನೆಯನ್ನಿಟ್ಟು ಆ ಕಡೆಯಿಂದ ಕೊರೆದು ಮುಗಿಸುತ್ತಿದ್ದರು. ನಡುವೆ ಉಳಿದಿದ್ದ ತೆಳ್ಳನೆಯ ಮರದ ಬಿಲ್ಲೆಯೊಂದು ತಿರುಪಿನ ತುದಿಗೆ ಅಂಟಿಕೊಂಡು ಹೊರಬರುತ್ತಿತ್ತು.